ಹುಲ್ಲಿನ ಪಿರಿಯಡ್ಡು

ಆಗಸ್ಟ್ 15ಕ್ಕೆ ಇನ್ನೊಂದೇ ವಾರ. ತೀರ್ಥಹಳ್ಳಿ ಸೀಮೆಯ ಈ ಹಿರಿಯ ಪ್ರಾಥಮಿಕ ಶಾಲೆಯ ಮೈದಾನದಲ್ಲಿ ಹುಲ್ಲು ಐದನೇ ಕ್ಲಾಸಿನವರ ಮೊಣಕಾಲು ದಾಟಿದೆ; ಒಂದನೇ ಕ್ಲಾಸಿನವರನ್ನು ಅರ್ಧ ನುಂಗಿದೆ. ಪುಷ್ಯ ಮಳೆ ಬಿಡದೆ ಹೊಡೆದು, ಆಶ್ಲೇಷದಲ್ಲಿ ಇವತ್ತು ಒಂದಿಷ್ಟು ಹೊಳವಾಗಿದೆ. ಶನಿವಾರದ ಬೆಳಗಿನ ಶಾಲೆ. ಎಸ್‌ಡಿಎಂಸಿ ಅಧ್ಯಕ್ಷರು ತಮ್ಮ ಅಡಿಕೆ ತೋಟದ ಹುಲ್ಲು ಹೊಡೆಯುವ ಮಷಿನ್ನು ಹೊತ್ತುಕೊಂಡು ಬಂದಿದ್ದಾರೆ. ಕಾಲಿಗೆ ಗಂಬೂಟು, ಕಣ್ಣಿಗೆ ಕನ್ನಡಕ. ಮಕ್ಕಳೆಲ್ಲ ಜಗಲಿಯ ಮೇಲೆ. ಮಷಿನ್ನು ನಿಲ್ಲುವ ತನಕ ಯಾರೂ ಕೆಳಗಿಳಿಯುವ ಹಾಗಿಲ್ಲ ಎಂದು ಮೇಷ್ಟ್ರ ಕಟ್ಟಪ್ಪಣೆ.

ಯಾಕೆ ಇಳಿಯಬಾರದು ಅನ್ನುವುದೇ ಮೊದಲ ಲೆಕ್ಕವಾಯಿತು. ಮಷಿನ್ನಿನ ತುದಿಯಲ್ಲಿರುವುದು ಬರೀ ನೈಲಾನ್ ದಾರ. ನಿಂತಾಗ ಜೋತು ಬೀಳುತ್ತದೆ, ತಿರುಗಿದಾಗ ಸೆಟೆದು ನಿಂತು ದಂಟು ಕತ್ತರಿಸುತ್ತದೆ. ದಾರ ನಡುವಿನಿಂದ 20 ಸೆಂಟಿಮೀಟರ್ ಉದ್ದ, ನಿಮಿಷಕ್ಕೆ 6000 ಸುತ್ತು ಎಂದಿಟ್ಟುಕೊಳ್ಳಿ ಎಂದರು ಮೇಷ್ಟ್ರು. ಸುತ್ತಳತೆ ಕಂಡುಹಿಡಿದು, ಸೆಕೆಂಡಿಗೆ 100 ಸುತ್ತಿನಿಂದ ಗುಣಿಸಿದ ಏಳನೇ ಕ್ಲಾಸಿನ ಹುಡುಗಿ 125 ಮೀಟರ್ ಚಿಲ್ಲರೆ ಎಂದಳು. ಅಂದರೆ ಗಂಟೆಗೆ ಸುಮಾರು 450 ಕಿಲೋಮೀಟರ್. ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದವರು ತಾವಾಗಿಯೇ ಕಾಲು ಮೇಲೆಳೆದುಕೊಂಡರು.

ಧ್ವಜಸ್ತಂಭದ ಸುತ್ತ ಮಕ್ಕಳು ಕೂರಲು ವೃತ್ತ ಬೇಕು. ಹೋದ ವರ್ಷ ಮೂರೂವರೆ ಮೀಟರ್ ಹಗ್ಗ ಕಟ್ಟಿ ಗುರುತು ಹಾಕಿದ್ದರಂತೆ, ಇಕ್ಕಟ್ಟಾಗಿತ್ತು. ಈ ಸಲ ಏಳು ಮೀಟರ್. ‘ಡಬಲ್ ಜಾಗ ಸಾರ್’ ಎಂದ ಒಬ್ಬ. ಸುಣ್ಣದ ಪುಡಿಯಲ್ಲಿ ಎರಡೂ ವೃತ್ತ ಬರೆದು ನೋಡಿದರೆ ಡಬಲ್ ಅಲ್ಲವೇ ಅಲ್ಲ: ಒಂದು 38.5 ಚದರ ಮೀಟರ್, ಇನ್ನೊಂದು 154. ಹತ್ತನೇ ಕ್ಲಾಸಿನ ಗಣಿತ ಪುಸ್ತಕದಲ್ಲಿ ಹುಲ್ಲುಗಾವಲಿನ ಮೂಲೆಗೆ ಕಟ್ಟಿದ ಕುದುರೆಯೊಂದಿದೆ; ಐದು ಮೀಟರ್ ಹಗ್ಗ ಹತ್ತಾದರೆ ಮೇಯುವ ಜಾಗ ಎಷ್ಟು ಹೆಚ್ಚೀತು ಎಂದು ಅದು ವರ್ಷವರ್ಷವೂ ಕೇಳುತ್ತದೆ. ಪಾಪ, ಕುದುರೆ ಕಾಣದ ಊರಿನ ಮಕ್ಕಳಿಗೆ ಅದು ಸೂತ್ರವಾಗಿಯೇ ಉಳಿಯುತ್ತದೆ. ಇಲ್ಲಿ ಉತ್ತರ ಕೊಟ್ಟವರು ಅಧ್ಯಕ್ಷರು, ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತ: ‘ಹಗ್ಗ ಎರಡು ಪಾಲು ಮಾಡಿದ್ರಿ, ಪೆಟ್ರೋಲು ನಾಲ್ಕು ಪಾಲು ಹೋಗ್ತದೆ ಮೇಷ್ಟ್ರೇ!’

ಮಷಿನ್ನು ನಿಂತಿತು. ಹಸಿ ಹುಲ್ಲಿನ ವಾಸನೆ ಜಗಲಿ ತುಂಬಿತು. ಎಲ್ಲಿದ್ದವೋ, ಬೆಳ್ಳಕ್ಕಿಗಳು ಇಳಿದು, ಮನೆ ಕಳೆದುಕೊಂಡ ಮಿಡತೆಗಳನ್ನು ಹೆಕ್ಕತೊಡಗಿದವು.

ಹೀಗೆ ಕೊಚ್ಚಿದರೂ ಹುಲ್ಲು ಯಾಕೆ ಸಾಯುವುದಿಲ್ಲ? ಇದಕ್ಕೆ ಮೇಷ್ಟ್ರು ಮೊದಲೇ ಸಿದ್ಧತೆ ಮಾಡಿದ್ದರು. ಬಾವಿಕಟ್ಟೆಯ ಪಕ್ಕದ ಹುಲ್ಲನ್ನು ಹೋದ ವಾರವೇ ಕತ್ತರಿಸಿ, ಎಲೆಗಳ ಮೇಲೆ ಅಳಿಸದ ಮಾರ್ಕರಿನಲ್ಲಿ ಸಾಲು ಚುಕ್ಕಿ ಇಡಿಸಿದ್ದರು. ಈಗ ಸ್ಕೇಲು ಹಿಡಿದ ಮಕ್ಕಳು ಅಲ್ಲಿ ಕುಕ್ಕರಗಾಲಲ್ಲಿ ಕೂತರು. ಚುಕ್ಕಿಯಿಂದ ಚುಕ್ಕಿಗೆ ಅಂತರ ಹಾಗೇ ಇದೆ. ಮೊಂಡಾದ ತುದಿ ಮೊಂಡಾಗಿಯೇ ಇದೆ. ಬುಡಕ್ಕೂ ಮೊದಲ ಚುಕ್ಕಿಗೂ ನಡುವೆ ಮಾತ್ರ ಬೆಳೆದಿದೆ. ‘ಕೂದಲಿನ ಹಾಗೆ ಕೆಳಗಿಂದ ಬರ್ತದೆ ಸಾರ್!’ ಪಕ್ಕದ ತುಂಬೆ ಗಿಡ ಹಾಗಲ್ಲ. ಅದರ ಚಿಗುರು ತುದಿಯಲ್ಲಿ. ತುದಿ ಹೋದರೆ ಅಕ್ಕಪಕ್ಕದಿಂದ ಕವಲೊಡೆಯಬೇಕು. ದನದ ಬಾಯಿಗೂ ಮಷಿನ್ನಿಗೂ ಸಿಗದಷ್ಟು ತಗ್ಗಿನಲ್ಲಿ ಜೀವ ಇಟ್ಟುಕೊಂಡಿರುವುದೇ ಹುಲ್ಲಿನ ಜಾಣತನ. ಭತ್ತ, ರಾಗಿ, ಕಬ್ಬು, ಬಿದಿರು ಎಲ್ಲ ಇದೇ ಕುಲ ಎಂದಾಗ, ಮಧ್ಯಾಹ್ನದ ಊಟಕ್ಕೆ ಅಕ್ಕಿ ಆರಿಸುತ್ತಿದ್ದ ಅಡುಗೆಯವರು ತಲೆ ಎತ್ತಿ ನೋಡಿದರು.

ಕೊಯ್ದ ರಾಶಿಯಿಂದ ಗಿಡ ಆರಿಸಿ ಹೆಸರು ಹೇಳುವ ಪಂದ್ಯದಲ್ಲಿ ಮೇಷ್ಟ್ರೇ ಸೋತರು. ಒಂದೆಲಗ, ಗರಿಕೆ, ನೆಲನೆಲ್ಲಿ ಎಂದು ಮೂರನೇ ಕ್ಲಾಸಿನವಳು ಅಜ್ಜಿಯಿಂದ ಕಲಿತದ್ದನ್ನು ಪಟಪಟನೆ ಒದರಿದಳು. ಕಾಲಿಗೆ ಚುಚ್ಚುವ ನಾಚಿಕೆಮುಳ್ಳು ಅಮೆರಿಕ ಖಂಡದಿಂದ ಬಂದದ್ದು ಎಂಬುದನ್ನು ಮಾತ್ರ ಯಾರೂ ನಂಬಲಿಲ್ಲ.

ಸಮಾಜ ಪಾಠದ ಮೇಡಂ ಇಂಗ್ಲೆಂಡಿಗೆ ಹೋದರು. ಗ್ಲಾಸ್ಟರ್‌ಶೈರ್‌ನ ಎಡ್ವಿನ್ ಬಡ್ಡಿಂಗ್ ಎಂಬಾತ, ಉಣ್ಣೆ ಗಿರಣಿಯಲ್ಲಿ ಬಟ್ಟೆಯ ಮೇಲಿನ ಜುಂಗು ಸವರುವ ಯಂತ್ರ ನೋಡಿ, ಅದೇ ಉಪಾಯದಿಂದ ಹುಲ್ಲುಹಾಸು ಸವರುವ ಯಂತ್ರ ಮಾಡಿ 1830ರಲ್ಲಿ ಪೇಟೆಂಟ್ ಪಡೆದ ಕತೆ. ಅದಕ್ಕೂ ಮುಂಚೆ ದೊಡ್ಡವರ ಬಂಗಲೆಯ ಹುಲ್ಲನ್ನು ಆಳುಗಳು ಉದ್ದನೆಯ ಕುಡುಗೋಲು ಬೀಸಿ ಕೊಯ್ಯುತ್ತಿದ್ದರು, ಇಲ್ಲವೇ ಕುರಿ ಬಿಡುತ್ತಿದ್ದರು. ‘ಬೆಳೆಸಿ, ಕೊಯ್ದು, ದನಕ್ಕೂ ಹಾಕದೆ ಅದನ್ನೇನು ಮಾಡ್ತಾರೆ ಮೇಡಂ?’ ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಮೇಡಂ ನಕ್ಕರು. ನನಗೂ ಉತ್ತರ ಹೊಳೆಯಲಿಲ್ಲ.

ಕೈಕೆಲಸದ ಸುತ್ತ ಎಲ್ಲ ವಿಷಯ ಹೆಣೆಯಿರಿ ಎಂದು ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲೇ ನಯೀ ತಾಲೀಮನ್ನು ಮುಂದಿಟ್ಟಿದ್ದರು. ಆದರೆ ಪಾಠಕ್ಕೆಂದೇ ಹುಟ್ಟಿಸಿದ ಕೆಲಸ ಮಕ್ಕಳಿಗೆ ಬಹಳ ಬೇಗ ಗೊತ್ತಾಗಿಬಿಡುತ್ತದೆ. ಇಲ್ಲಿ ಹುಲ್ಲು ನಿಜವಾಗಿ ಹೋಗಬೇಕಿತ್ತು, ಬಾವುಟ ನಿಜವಾಗಿ ಏರಬೇಕಿತ್ತು. ಅದಕ್ಕೇ ಲೆಕ್ಕಕ್ಕೆ ಜೀವ ಬಂತು. ಪಾಠದ ಹೆಸರಲ್ಲಿ ಮಕ್ಕಳಿಂದ ಬಿಟ್ಟಿ ಚಾಕರಿ ಮಾಡಿಸುವುದು ಬೇರೆ ಮಾತು. ಈ ಶಾಲೆಯಲ್ಲಿ ಎರಡರ ನಡುವಿನ ಗೆರೆ ಜಗಲಿಯ ಅಂಚು.

ಎರಡು ಹೊರೆ ಹುಲ್ಲು ಅಡುಗೆಯವರ ಮನೆಯ ಎಮ್ಮೆಗೆ ಹೋಯಿತು. ಮಿಕ್ಕಿದ್ದು ಕೈತೋಟದ ಮೂಲೆಯಲ್ಲಿ ಗುಡ್ಡೆ. ಸೋಮವಾರ ಅದರೊಳಗೆ ಕೈ ತೂರಿಸಿದ ಹುಡುಗ ‘ಬಿಸಿ, ಬಿಸಿ’ ಎಂದು ಕಿರುಚಿದ. ಒಳಗೆ ಸೂಕ್ಷ್ಮಜೀವಿಗಳು ಹುಲ್ಲನ್ನು ತಿನ್ನುವ ಕಾವು ಅದು. ಎಷ್ಟು ಬಿಸಿ? ಆಫೀಸು ರೂಮಿನಲ್ಲಿದ್ದ ಜ್ವರ ನೋಡುವ ಥರ್ಮಾಮೀಟರನ್ನು ಒಬ್ಬಳು ಎತ್ತಿಕೊಂಡು ಓಡಿ ಬಂದಳು. ಅದರಲ್ಲಿ ಇರುವುದೇ 35ರಿಂದ 42 ಡಿಗ್ರಿ, ಗುಡ್ಡೆಯೊಳಗೆ ತೂರಿಸಿದರೆ ಒಡೆದೀತು ಎಂದು ಮೇಷ್ಟ್ರು ಕಸಿದುಕೊಂಡರು. ಹೈಸ್ಕೂಲಿನ ಲ್ಯಾಬಿನಲ್ಲಿ ಉದ್ದನೆಯದಿದೆಯಂತೆ. ಕೇಳಿ ತರಲು ಏಳನೇ ಕ್ಲಾಸಿನ ಇಬ್ಬರು ಚೀಟಿ ಬರೆಸಿಕೊಳ್ಳುತ್ತಿದ್ದಾರೆ. ತಾವೂ ಬರುತ್ತೇವೆಂದು ಹಿಂದೆ ಹದಿನೈದು ಜನ.