ಶಾಸನಗಳ ಕಾಲನಿರ್ದೇಶ ಮತ್ತು ಗಣಕದ ದಿನಾಂಕವಿನ್ಯಾಸ

ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 4ನೆಯ ಸಂಪುಟದಲ್ಲಿ (1898) ಪ್ರಕಟವಾದವು. ಇಂತಹ ಶಾಸನಗಳನ್ನು ಗಣಕಕ್ಕೆ ಅಳವಡಿಸುವಾಗ ಕಾಲನಿರ್ದೇಶದ ಭಾಗವು ವಿಶೇಷ ತೊಡಕಿನದು. ಶಾಸನವು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳುತ್ತದೆ. ಗಣಕವು ವರ್ಷ, ತಿಂಗಳು, ದಿನ ಎಂಬ ಮೂರು ಅಂಕಿಗಳನ್ನಷ್ಟೇ ಕೇಳುತ್ತದೆ.

ಹೀಗೆ ಬಿಟ್ಟುಹೋಗುವ ಅಂಶಗಳು ಕೇವಲ ಅಲಂಕಾರವಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯದ ಕಾಲವೆಂದು ರೂಢಿಯಲ್ಲಿ ಹೇಳಲಾಗುವ ಕ್ರಿ.ಶ. 1315ನ್ನೇ ಗಮನಿಸಬಹುದು. ಆ ವರ್ಷದ ಯುಗಾದಿಯವರೆಗೆ ಆನಂದ ಸಂವತ್ಸರ, ಅನಂತರ ರಾಕ್ಷಸ. ಶಾಸನವೊಂದು ಶಕವರ್ಷ 1237 ಎಂದಷ್ಟೇ ಹೇಳಿದರೆ ಅದು ಗತವರ್ಷವೋ ವರ್ತಮಾನವರ್ಷವೋ ತಿಳಿಯದು. ಜೊತೆಗೆ ‘ರಾಕ್ಷಸ’ ಎಂದಿದ್ದರೆ ಗತ, ‘ಆನಂದ’ ಎಂದಿದ್ದರೆ ವರ್ತಮಾನ. ಸಂವತ್ಸರವನ್ನು ಕೈಬಿಟ್ಟ ದತ್ತಾಂಶಕೋಶವು ಸಂಪಾದಕನ ನಿರ್ಣಯವನ್ನು ಉಳಿಸಿಕೊಂಡು ಅದರ ಆಧಾರವನ್ನು ಅಳಿಸಿಬಿಡುತ್ತದೆ.

ಜಾವಾಸ್ಕ್ರಿಪ್ಟ್ ಭಾಷೆಯ ದಿನಾಂಕವಿನ್ಯಾಸ ಸೌಲಭ್ಯದಲ್ಲಿ ಕನ್ನಡದ ತಿಂಗಳ ಹೆಸರುಗಳೂ ಅಂಕಿಗಳೂ ದೊರೆಯುತ್ತವೆ. ‘ಇಂಡಿಯನ್’ ಎಂಬ ಪಂಚಾಂಗವೂ ಅದರಲ್ಲಿದೆ. ಸಂಶೋಧಕರು ಎಚ್ಚರವಹಿಸಬೇಕಾದುದು ಇಲ್ಲಿಯೇ. ಅದು 1957ರ ಮಾರ್ಚ್ 22ರಂದು ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗ. ಅದರ ಚೈತ್ರವು ಪ್ರತಿವರ್ಷ ಮಾರ್ಚ್ 22ಕ್ಕೆ (ಅಧಿಕ ವರ್ಷದಲ್ಲಿ 21ಕ್ಕೆ) ಆರಂಭವಾಗುತ್ತದೆ. ಶಾಸನದ ಚಾಂದ್ರಮಾನ ಚೈತ್ರಕ್ಕೂ ಅದಕ್ಕೂ ಇರುವುದು ಹೆಸರಿನ ನಂಟು ಮಾತ್ರ. ಚೀನೀ ಪಂಚಾಂಗದ ಅರವತ್ತು ವರ್ಷಗಳ ಚಕ್ರದ ಹೆಸರುಗಳಿಗೆ ಈ ಸೌಲಭ್ಯದಲ್ಲಿ ಸ್ಥಾನ ದೊರೆತಿದೆ. ನಮ್ಮ ಪ್ರಭವಾದಿ ಅರವತ್ತಕ್ಕೆ ಅದು ದೊರೆತಿಲ್ಲ.

ಆದುದರಿಂದ ಸೇರಬೇಕಾದುದು ಸಂವತ್ಸರ, ಅಧಿಕಮಾಸ, ಪಕ್ಷ, ತಿಥಿಗಳನ್ನು ಪ್ರತ್ಯೇಕ ಘಟಕಗಳಾಗಿ ಸ್ವೀಕರಿಸುವ ವಿನ್ಯಾಸ. ತಿಥಿಯನ್ನು ಭಾಷೆಯೇ ಗಣಿಸಬೇಕೆಂದು ಕೇಳುವುದು ಅತಿಯಾಗುತ್ತದೆ. ಗಣನೆಯು ಸ್ಥಳವನ್ನೂ ಸಿದ್ಧಾಂತವನ್ನೂ ಅವಲಂಬಿಸಿದೆ. ಸಂವತ್ಸರದ ಲೆಕ್ಕವಾದರೋ ಸರಳ: ಗತಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಕ್ರಮಾಂಕ (ಶೇಷ ಸೊನ್ನೆಯಾದರೆ ಅಕ್ಷಯ). 1237ಕ್ಕೆ 49 ಬರುತ್ತದೆ, ಅದು ರಾಕ್ಷಸ. ಇಷ್ಟನ್ನು ಗಣಕವು ತಾಳೆನೋಡಿ, ಹೊಂದದಿದ್ದಲ್ಲಿ ತಿದ್ದದೆ ತೋರಿಸಿದರೆ ಸಾಕು.

ಸಂಕ್ಷೇಪಗಳ ವಿಷಯದಲ್ಲಿಯೂ ಇದೇ ನೀತಿ ಸಲ್ಲುತ್ತದೆ. ‘ಶು’ ಎಂಬುದು ಶುದ್ಧವೂ ಆಗಬಹುದು, ಶುಕ್ರವಾರವೂ ಆಗಬಹುದು, ‘ವಡ್ಡವಾರ’ವು ಶನಿವಾರ. ಮೂಲರೂಪ ಒಂದು ಘಟಕದಲ್ಲಿ, ಅರ್ಥನಿರ್ಣಯ ಇನ್ನೊಂದರಲ್ಲಿ ಇರಬೇಕು. ಇನ್ನು ಕ್ರಿಸ್ತಶಕಕ್ಕೆ ಪರಿವರ್ತಿಸುವಾಗ 14ನೆಯ ಶತಮಾನದ ತೇದಿಗಳನ್ನು ಶಾಸನತಜ್ಞರು ಜೂಲಿಯನ್ ಪದ್ಧತಿಯಲ್ಲಿ ಕೊಡುತ್ತಾರೆ, ಗಣಕಭಾಷೆಗಳು ಬಹುಮಟ್ಟಿಗೆ ಗ್ರೆಗೋರಿಯನ್ ಪದ್ಧತಿಯನ್ನೇ ಹಿಂದಕ್ಕೆ ಎಳೆಯುತ್ತವೆ. 1315ರಲ್ಲಿ ಇವೆರಡರ ಅಂತರ 8 ದಿನ. ಪದ್ಧತಿಯ ಹೆಸರನ್ನು ನಮೂದಿಸದೆ ತೇದಿಯನ್ನು ದಾಖಲಿಸಿದರೆ, ಕಲ್ಲಿನ ಮೇಲಿನ ಸೋಮವಾರವು ಪರದೆಯ ಮೇಲೆ ಭಾನುವಾರವಾಗುತ್ತದೆ.