ಡ್ರಾಫ್ಟ್ ಮುಗಿದ ಮರುದಿನದ ಗ್ರೇಡು ಯಾರಿಗೆ?

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ (ಎಎಫ್‌ಎಲ್) 2014ರ ಡ್ರಾಫ್ಟ್‌ನಲ್ಲಿ ಮೊದಲು ಕರೆದ ಹೆಸರು ಪ್ಯಾಡಿ ಮೆಕಾರ್ಟಿನ್. ಎರಡನೆಯದು ಕ್ರಿಶ್ಚಿಯನ್ ಪೆಟ್ರಾಕಾ. ಮುಂದಿನ ವರ್ಷ ಮಂಡಿ ಗಾಯದಿಂದ ಪೆಟ್ರಾಕಾ ಲೀಗಿನ ಒಂದೂ ಪಂದ್ಯ ಆಡಲಿಲ್ಲ. 2015ರ ಕೊನೆಗೆ ಯಾರಾದರೂ ಮಾರ್ಕ್ಸ್ ಕಾರ್ಡ್ ಬರೆದಿದ್ದರೆ ಹುಡುಗ ಫೇಲ್! 2021ರಲ್ಲಿ ಮೆಲ್ಬರ್ನ್ ಕ್ಲಬ್ 57 ವರ್ಷಗಳ ಬಳಿಕ ಪ್ರಶಸ್ತಿ ಗೆದ್ದಾಗ, ಫೈನಲ್‌ನ ಅತ್ಯುತ್ತಮ ಆಟಗಾರ ಇದೇ ಪೆಟ್ರಾಕಾ. ಮೆಕಾರ್ಟಿನ್ ಏನಾದರು? ತಲೆಗೆ ಪದೇ ಪದೇ ಪೆಟ್ಟು ಬಿದ್ದು, 2023ರಲ್ಲಿ 27ನೇ ವಯಸ್ಸಿಗೇ ಆಟ ಬಿಟ್ಟರು.

ಆದರೂ ಪ್ರತಿ ಸಲ ಡ್ರಾಫ್ಟ್ ಮುಗಿದ ಮರುದಿನವೇ 'ಯಾವ ಕ್ಲಬ್ ಗೆದ್ದಿತು, ಯಾವುದು ಸೋತಿತು' ಅಂತ ಗ್ರೇಡ್ ಕೊಡುವ ಬರಹಗಳು ಬರುತ್ತವೆ. ನಾನೂ ಆಸೆಯಿಂದ ಓದ್ತೀನಿ. ಆದರೆ ಅವು ಅಳೆಯುತ್ತಿರುವುದು ಹುಡುಗರನ್ನಲ್ಲ, ಹುಡುಗರ ಬಗ್ಗೆ ದೊಡ್ಡವರು ಮೊದಲೇ ಹಾಕಿದ್ದ ಅಂದಾಜನ್ನು.

ಡ್ರಾಫ್ಟ್ ಅಂದರೆ ಏನು ಅಂತ ಮೊದಲು ನೋಡೋಣ. ನಮಗೆ ಗೊತ್ತಿರುವುದು ಐಪಿಎಲ್ ಹರಾಜು. ಅಲ್ಲಿ ಹೆಚ್ಚು ದುಡ್ಡು ಕೂಗಿದವರಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ಕೂಗುವ ಹಾಗಿಲ್ಲ, ಸರದಿ ಸಾಲು. ಹಿಂದಿನ ಸೀಸನ್‌ನಲ್ಲಿ ಕೊನೆಯ ಸ್ಥಾನದಲ್ಲಿದ್ದ ಕ್ಲಬ್‌ಗೆ ಮೊದಲ ಆಯ್ಕೆ, ಚಾಂಪಿಯನ್‌ಗೆ ಕೊನೆಯದು. ಈ ಸರದಿಯನ್ನು ಕ್ಲಬ್‌ಗಳು ತಮ್ಮತಮ್ಮಲ್ಲಿ ಅದಲುಬದಲು ಮಾಡಿಕೊಳ್ಳಬಹುದು. 1986ರಿಂದ ಇದು ನಡೆದುಬಂದಿದೆ. ಶ್ರೀಮಂತ ಕ್ಲಬ್ಬೇ ಎಲ್ಲ ಪ್ರತಿಭೆಯನ್ನು ಬಾಚಿಕೊಳ್ಳಬಾರದು ಅನ್ನೋದು ಉದ್ದೇಶ. ಸಮಾನತೆಯ ದೃಷ್ಟಿಯಿಂದ ಒಳ್ಳೆಯ ಐಡಿಯಾನೇ.

ಆಯ್ಕೆಯಾಗುವವರಲ್ಲಿ ಹೆಚ್ಚಿನವರಿಗೆ ಬರೀ 18 ವರ್ಷ. ಅದಕ್ಕೂ ಮೊದಲು ಕ್ಲಬ್‌ನವರು ಅವರ ಜೂನಿಯರ್ ಪಂದ್ಯಗಳನ್ನು ನೋಡಿರುತ್ತಾರೆ, ಸಂದರ್ಶನ ಮಾಡಿರುತ್ತಾರೆ. 20 ಮೀಟರ್ ಓಟ, 2 ಕಿಲೋಮೀಟರ್ ಓಟ, ಎತ್ತರ ಜಿಗಿತ, ಥಟ್ಟನೆ ದಿಕ್ಕು ಬದಲಿಸುವ ಚುರುಕುತನ, ಎಲ್ಲದಕ್ಕೂ ಅಂಕಿ ಇರುತ್ತೆ. ಇಂಜಿನಿಯರಿಂಗ್ ಓದಿದ ನನಗೆ ಅಂಕಿ ಕಂಡರೆ ಪ್ರೀತಿ. ಆದರೆ ಲ್ಯಾಬ್‌ನಲ್ಲಿ ಕಲಿತ ಮೊದಲ ಪಾಠ ಇದು: ಅಳೆಯಲು ಸುಲಭವಾದದ್ದೇ ನಮಗೆ ಬೇಕಾದದ್ದು ಅಂತ ನಂಬಬೇಡ. ಮೈ ಇನ್ನೂ ಬಲಿಯುತ್ತಿರುವ ಹುಡುಗ 23ಕ್ಕೆ ಹೇಗಿರ್ತಾನೆ, ಗಾಯವಾದರೆ ಹೇಗೆ ಎದ್ದು ಬರ್ತಾನೆ, ಯಾವ ಕೋಚ್ ಕೈಗೆ ಸಿಕ್ತಾನೆ, ಇದನ್ನು ಸ್ಟಾಪ್‌ವಾಚ್ ಹೇಳಲ್ಲ.

2001ರ ಡ್ರಾಫ್ಟ್ ತಗೊಳ್ಳಿ. ಮೊದಲ ಮೂವರು ಲ್ಯೂಕ್ ಹಾಡ್ಜ್, ಲ್ಯೂಕ್ ಬಾಲ್, ಕ್ರಿಸ್ ಜಡ್. ಅಂದಾಜು ತಪ್ಪಿರಲಿಲ್ಲ. ಹಾಡ್ಜ್ ನಾಲ್ಕು ಪ್ರಶಸ್ತಿ ಗೆದ್ದರು, ಅದರಲ್ಲಿ ಮೂರು ನಾಯಕರಾಗಿ. ಜಡ್ ಎರಡು ಬಾರಿ ಬ್ರೌನ್‌ಲೋ ಪದಕ ಪಡೆದರು. ಇದು ಇಡೀ ಸೀಸನ್‌ನ ಅತ್ಯುತ್ತಮ ಆಟಗಾರನಿಗೆ ಅಂಪೈರ್‌ಗಳ ಮತದಿಂದ ಸಿಗುವ ಗೌರವ. ಆದರೆ ಅದೇ ವರ್ಷ 36ನೆಯವರಾಗಿ ಬಂದ ಸ್ಯಾಮ್ ಮಿಚೆಲ್, 40ನೆಯ ಗ್ಯಾರಿ ಆ್ಯಬ್ಲೆಟ್ ಜೂನಿಯರ್, 58ನೆಯ ಡೇನ್ ಸ್ವಾನ್, ಮೂವರ ಬಳಿಯೂ ಬ್ರೌನ್‌ಲೋ ಇದೆ. ಅಂದಾಜು ಸರಿಯಾಗಿದ್ದ ವರ್ಷದಲ್ಲೂ ಪಟ್ಟಿಯ ಕೆಳಗೆ ಇಷ್ಟು ಮಂದಿ ಇದ್ದರು!

ಇನ್ನು, ಆ ಕ್ರಮಸಂಖ್ಯೆ ಕೂಡ ಅಪ್ಪಟ ಅಳತೆ ಅಲ್ಲ. ಅಪ್ಪ ಒಂದು ಕ್ಲಬ್‌ಗೆ 100 ಪಂದ್ಯ ಆಡಿದ್ದರೆ ಮಗನನ್ನು ಪಡೆಯಲು ಆ ಕ್ಲಬ್‌ಗೆ ಆದ್ಯತೆ ಇದೆ. ಆ್ಯಬ್ಲೆಟ್ ಬಂದದ್ದು ಇಂಥ ನಿಯಮದಲ್ಲೇ. 2021ರಲ್ಲಿ ಕಾಲಿಂಗ್‌ವುಡ್ ಸೇರಿದ ನಿಕ್ ಡೇಕಾಸ್ ದಾಖಲೆಯಲ್ಲಿ 4ನೆಯವರು. ಅದು ಬೇರೆ ಕ್ಲಬ್ ಅವರಿಗೆ ಬಿಡ್ ಮಾಡಿದ ಜಾಗ, ಅಷ್ಟೇ.

ಹಾಗಿದ್ದರೂ ನಂಬರ್ ಹುಡುಗನಿಗೆ ಅಂಟಿಕೊಳ್ಳುತ್ತೆ. ಟಾಮ್ ಬಾಯ್ಡ್ 2013ರ ನಂಬರ್ ಒನ್. ಒಂದೇ ವರ್ಷಕ್ಕೆ ವೆಸ್ಟರ್ನ್ ಬುಲ್‌ಡಾಗ್ಸ್ ಅವರನ್ನು ಏಳು ವರ್ಷಗಳ ಭಾರೀ ಒಪ್ಪಂದ ಕೊಟ್ಟು ಕರೆಸಿಕೊಂಡಿತು. 2016ರಲ್ಲಿ 62 ವರ್ಷಗಳ ಬಳಿಕ ಆ ಕ್ಲಬ್ ಪ್ರಶಸ್ತಿ ಗೆದ್ದ ಫೈನಲ್‌ನಲ್ಲಿ ಅವರು ಮೂರು ಗೋಲು ಹೊಡೆದರು. ಆದರೆ 2017ರಲ್ಲಿ ಮಾನಸಿಕ ಆರೋಗ್ಯಕ್ಕಾಗಿ ಆಟದಿಂದ ಬಿಡುವು ಪಡೆದು, 2019ರಲ್ಲಿ 23ನೇ ವಯಸ್ಸಿಗೆ ನಿವೃತ್ತರಾದರು. ಖಿನ್ನತೆಯ ಬಗ್ಗೆ ಆಮೇಲೆ ಮುಕ್ತವಾಗಿ ಮಾತಾಡಿದ್ದಾರೆ. ಆ ಫೈನಲ್ ನೋಡಿದರೆ 'ಪಾಸ್', ವರ್ಷ ಎಣಿಸಿದರೆ 'ಫೇಲ್'. ಎರಡರಲ್ಲಿ ಯಾವುದು ನ್ಯಾಯ?

ಇಲ್ಲೊಂದು ರಾಜಕೀಯ ಪ್ರಶ್ನೆಯೂ ಇದೆ. ಡ್ರಾಫ್ಟ್‌ನಲ್ಲಿ ಹುಡುಗ ತನ್ನ ಉದ್ಯೋಗದಾತರನ್ನು ಆರಿಸಿಕೊಳ್ಳುವ ಹಾಗಿಲ್ಲ. ಮನೆಯಿಂದ ಸಾವಿರಾರು ಕಿಲೋಮೀಟರ್ ದೂರದ ಊರಿಗೂ ಹೋಗಬೇಕಾಗಬಹುದು. 1991ರಲ್ಲಿ ಅದೇ ದೇಶದ ಫೆಡರಲ್ ಕೋರ್ಟ್, ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗಿನ ಡ್ರಾಫ್ಟನ್ನು ದುಡಿಯುವ ಹಕ್ಕಿನ ಮೇಲಿನ ಅಸಮಂಜಸ ನಿರ್ಬಂಧ ಅಂತ ರದ್ದುಮಾಡಿತು. ಎಎಫ್‌ಎಲ್‌ನಲ್ಲಿ ಅದು ಮುಂದುವರಿದಿದೆ. ಕ್ಲಬ್‌ಗಳ ನಡುವಿನ ಸಮಾನತೆಯ ಬೆಲೆಯನ್ನು ಇಲ್ಲಿ ತೆರುತ್ತಿರುವುದು 18ರ ಹುಡುಗರು. ಅವರಿಗೆ ಮರುದಿನವೇ ಫಲಿತಾಂಶ ಕೇಳೋದು ಎರಡನೇ ಅನ್ಯಾಯ.

ಹಾಗಾದರೆ ಮೌಲ್ಯಮಾಪನ ಬೇಡವೇ? ಬೇಕು. ಆದರೆ ಕನಿಷ್ಠ ಐದು ವರ್ಷ ಕಾಯಬೇಕು. ಆಗ ಮೂರು ಪ್ರಶ್ನೆ ಕೇಳಿ: ಆತ ಎಷ್ಟು ಪಂದ್ಯ ಆಡಲು ಆರೋಗ್ಯವಾಗಿದ್ದ? ಕ್ಲಬ್ ಆತನನ್ನು ಬೆಳೆಸಲು ಏನು ಮಾಡಿತು? ಆತನ ನಂತರ ಆಯ್ಕೆಯಾದವರು ಎಲ್ಲಿದ್ದಾರೆ? ಮೂರರಲ್ಲಿ ಎರಡಕ್ಕೆ ಉತ್ತರ ಕೊಡಬೇಕಾದವರು ಕ್ಲಬ್‌ನ ಆಡಳಿತದವರು. ಗ್ರೇಡ್ ಕೊಡುವುದಾದರೆ ಅವರಿಗೇ ಕೊಡೋಣ.