ಮನೆಗೆಲಸದ ಕ್ರಿಯಾಪದಗಳು: ಸೊಲ್ಲಾಪುರ ಸೀಮೆಯ ಕನ್ನಡದ ಒಂದು ನೆಲೆ

‘ಹೊರಗೆ ಮರಾಠಿ, ಮನೆಯಲ್ಲಿ ಕನ್ನಡ’ ಎಂಬುದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಭಾಷಾಸ್ಥಿತಿಯನ್ನು ಕುರಿತು ಮತ್ತೆ ಮತ್ತೆ ಕೇಳಿಬರುವ ಮಾತು. ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಇಲ್ಲಿ ‘ಮನೆ’ ಎಂದರೆ ಏನು ಎಂಬ ಪ್ರಶ್ನೆ ಏಳುವುದು ಅಪರೂಪ. ಮನೆಯೆಂಬುದು ಒಂದೇ ಅಖಂಡ ಸ್ಥಳವಲ್ಲ. ಬೆಳಗಿನಿಂದ ರಾತ್ರಿಯವರೆಗೆ ನಡೆಯುವ ಹಲವು ಕೆಲಸಗಳ ಜೋಡಣೆ. ಪ್ರತಿಯೊಂದು ಕೆಲಸಕ್ಕೂ ತನ್ನದೇ ಹೊತ್ತು, ಜಾಗ, ಸಲಕರಣೆ, ಮಾಡುವ ಕೈಗಳಿವೆ. ಆದ್ದರಿಂದ ತನ್ನದೇ ಮಾತೂ ಇದೆ. ಭಾಷೆ ಮನೆಯಲ್ಲಿ ಉಳಿದಿದೆಯೇ ಎಂದು ಕೇಳುವುದಕ್ಕಿಂತ, ಯಾವ ಕೆಲಸದಲ್ಲಿ, ಯಾರ ಬಾಯಲ್ಲಿ ಉಳಿದಿದೆ ಎಂದು ಕೇಳುವುದು ಹೆಚ್ಚು ಫಲಕಾರಿ.

ಮನೆಯೆಂಬ ವಲಯ

ಭಾಷಾಪಲ್ಲಟದ ಅಧ್ಯಯನದಲ್ಲಿ ಮನೆಗೆ ಕೇಂದ್ರಸ್ಥಾನವನ್ನು ಕೊಟ್ಟವರು ಜೋಶುವಾ ಫಿಶ್‌ಮನ್. 1991ರಲ್ಲಿ ಅವರು ಮಂಡಿಸಿದ 8 ಹಂತಗಳ ಮಾಪಕದಲ್ಲಿ 6ನೆಯದು ಮನೆ, ಕುಟುಂಬ, ನೆರೆಹೊರೆಗಳ ಹಂತ. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಭಾಷೆ ದಾಟುವುದು ಅಲ್ಲಿಯೇ. ಅದು ಸಡಿಲವಾದರೆ ಶಾಲೆ, ಪತ್ರಿಕೆಗಳು ಆ ನಷ್ಟವನ್ನು ತುಂಬಲಾರವು ಎಂಬುದು ಅವರ ನಿಲುವು. ಭಾರತದ ಜನಗಣತಿಯೂ ಮಾತೃಭಾಷೆಯನ್ನು ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯೆಂದೇ ನಿರೂಪಿಸುತ್ತದೆ. ತಾಯಿ ಶೈಶವದಲ್ಲೇ ತೀರಿಕೊಂಡಿದ್ದರೆ ಬಾಲ್ಯದ ಮನೆಯಲ್ಲಿ ಮುಖ್ಯವಾಗಿ ಬಳಕೆಯಲ್ಲಿದ್ದ ಭಾಷೆಯನ್ನು ಬರೆದುಕೊಳ್ಳಲಾಗುತ್ತದೆ. ಎರಡು ಕಡೆಯೂ ಮನೆಯೊಳಗಿನ ಮಾತು ಒಂದೇ ಬಗೆಯದು ಎಂಬ ಎಣಿಕೆ ಇದೆ.

ಈ ಸೀಮೆಗೆ ಹತ್ತಿರದ ಒಂದು ಅಧ್ಯಯನ ಇಲ್ಲಿ ನೆರವಾಗುತ್ತದೆ. ಸಾಂಗಲಿ ಜಿಲ್ಲೆಯ ಕುಪವಾಡವನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಪ್ರಬಂಧವು ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆಗಳು ಪರಸ್ಪರ ಹತ್ತಿರ ಬಂದಿದ್ದವು. ‘ಇದು ನನ್ನ ಮನೆ’ ಎಂದರೆ ಮುಗಿಯುವ ಬಗೆಯ ವಾಕ್ಯಕ್ಕೂ ಅಲ್ಲಿನ ಕನ್ನಡ ಮರಾಠಿಯಂತೆ ‘ಐತಿ’ ಎಂಬ ಕ್ರಿಯಾಪದವನ್ನು ಸೇರಿಸುತ್ತಿತ್ತು. ಇಷ್ಟಾದರೂ ಭಾಷೆಗಳು ಒಂದಾಗಿ ಕರಗಲಿಲ್ಲ. ಸಾರ್ವಜನಿಕ ವ್ಯವಹಾರ ಬೇರೆ, ಬಂಧುಬಳಗದೊಳಗಿನ ಬದುಕು ಬೇರೆ ಎಂಬ ಊರಿನ ರೂಢಿಯೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ವ್ಯಾಕರಣದ ಗಡಿ ಅಳಿಸಿದ ಮೇಲೂ ಹೊಸ್ತಿಲು ಗಡಿಯಾಗಿ ಉಳಿದಿತ್ತು.

ವಸ್ತುವಿನ ಹೆಸರು, ಕೆಲಸದ ಹೆಸರು

ಹೊಸ್ತಿಲಿನ ಒಳಗೆ ನೋಡಿದರೆ ಚಿತ್ರ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮಾಳಿಗೆಯ ಮನೆಯಲ್ಲಿ ಹೊರಗೆ ಕಟ್ಟೆ, ಒಳಗೆ ಪಡಸಾಲೆ, ಆಚೆಗೆ ಅಡಿಗೆಮನೆ, ಬಚ್ಚಲು, ಬೆಳಕಿಗೆ ಬೆಳಕಿಂಡಿ, ಕಾಳಿಗೆ ಹಗೇವು. ಇಲ್ಲಿ ‘ಜಗಲಿ’ ಎಂದರೆ ದೇವರನ್ನು ಕೂಡಿಸುವ ಜಾಗ. ಕಾಸರಗೋಡಿನ ಕನ್ನಡಿಗರಿಗೆ ಅದೇ ಪದ ಮನೆಯ ಮುಂಭಾಗದ ಕೂರುವ ಕಟ್ಟೆ. ಬಂದವರೊಡನೆ ಮರಾಠಿ ನಡೆಯುವುದು ಕಟ್ಟೆ, ಪಡಸಾಲೆಗಳಲ್ಲಿ; ಒಲೆಯ ಸುತ್ತಲಿನ ಮಾತು ಕನ್ನಡದ್ದು.

ಆದರೆ ಒಲೆಯ ಸುತ್ತಲಿನ ವಸ್ತುಗಳ ಹೆಸರುಗಳು ಕನ್ನಡದವೇ ಆಗಬೇಕೆಂದಿಲ್ಲ. ಪಾತ್ರೆಗಳು ‘ಭಾಂಡೆ’, ಕೋಣೆ ‘ಖೋಲಿ’, ಬೀರು ‘ಕಪಾಟ’. ಎದುರು ದಿಕ್ಕಿನಲ್ಲಿಯೂ ಪದಗಳು ನಡೆದಿವೆ: ಮರಾಠಿಯ ‘ಅಡಕಿತ್ತಾ’ದಲ್ಲಿ ಕನ್ನಡದ ಅಡಕೊತ್ತು ಇದೆ. ಸಂತೆಯಿಂದ ಬಂದ ವಸ್ತು ಸಂತೆಯ ಹೆಸರನ್ನು ಹೊತ್ತು ತರುವುದು ಸಹಜ. ಗಮನಿಸಬೇಕಾದುದು ಕ್ರಿಯಾಪದ. ‘ಭಾಂಡೆ ತಿಕ್ಕು’, ‘ಖೋಲಿ ಕಸಾ ಹೊಡಿ’, ‘ಕಪಾಟಿನ್ಯಾಗ ಇಡು’ ಎಂಬಲ್ಲಿ ವಸ್ತು ಮರಾಠಿಯದಾದರೂ ಕೆಲಸ ಕನ್ನಡದ್ದು. ಎರವಲು ಪಡೆಯುವಾಗ ನಾಮಪದಗಳು ಸುಲಭವಾಗಿ, ಕ್ರಿಯಾಪದಗಳು ತಡವಾಗಿ ಬರುತ್ತವೆ ಎಂಬ ಭಾಷಾವಿಜ್ಞಾನದ ಸಾಮಾನ್ಯ ತಿಳಿವಳಿಕೆಗೆ ಇದು ಒಪ್ಪುತ್ತದೆ.

ಜೋಳ ರೊಟ್ಟಿಯಾಗುವ ದಾರಿಯಲ್ಲಿ ಈ ಕ್ರಿಯಾಪದಗಳ ಸಂಪತ್ತು ಎದ್ದು ಕಾಣುತ್ತದೆ. ಕಣದಲ್ಲಿ ಗಾಳಿಗೆ ತೂರಬೇಕು. ಮನೆಯಲ್ಲಿ ಮೊರದಿಂದ ಕೇರಿ, ಕಲ್ಲು ಆರಿಸಿ ಹಸನು ಮಾಡಬೇಕು. ಬೀಸಿ, ಸಾಣಿಸಿ, ನಾದಿ, ಬಡಿದು, ಹಂಚಿನ ಮೇಲೆ ಬೇಯಿಸಬೇಕು. ಪಕ್ಕದ ಒರಳಿನಲ್ಲಿ ಹಿಂಡಿ ಕುಟ್ಟಬೇಕು, ಕಲ್ಲಿನ ಮೇಲೆ ಮಸಾಲೆ ಅರೆಯಬೇಕು. ಬೀಸುವುದು ಬೇರೆ, ಕುಟ್ಟುವುದು ಬೇರೆ, ಅರೆಯುವುದು ಬೇರೆ. ಪ್ರತಿಯೊಂದಕ್ಕೂ ಬೇರೆಯ ಕಲ್ಲು, ಕೂರುವ ಬೇರೆಯ ಭಂಗಿ, ತೋಳಿನ ಬೇರೆಯ ಚಲನೆ.

‘ಹಾಕು’ ಎಂಬ ಒಂದೇ ಪದ

ಹಿಟ್ಟಿನ ಗಿರಣಿ ಬಂದ ಮೇಲೆ ಜೋಳವನ್ನು ‘ಬೀಸುವುದು’ ನಿಂತು ‘ಬೀಸಿಸಿಕೊಂಡು ಬರುವುದು’ ಮೊದಲಾಯಿತು. ಮನೆಯ ಕ್ರಿಯೆ ಪ್ರೇರಣಾರ್ಥಕ ರೂಪಕ್ಕೆ ತಿರುಗಿತು. ಮುಂದೆ ಅದೂ ‘ಗಿರಣಿಗೆ ಹಾಕು’ ಎಂದಾಯಿತು. ಕುಟ್ಟುವ, ಅರೆಯುವ ಕೆಲಸಗಳು ‘ಮಿಕ್ಸರಿಗೆ ಹಾಕು’ ಎಂಬಲ್ಲಿ ಕೂಡಿಕೊಂಡವು. ಸೆಳೆದು ಒಗೆಯುವ ಕೆಲಸ ‘ಮಶಿನ್ನಿಗೆ ಹಾಕು’ ಆಯಿತು. ಅನೇಕ ಕ್ರಿಯಾಪದಗಳು ನಿಂತಿದ್ದ ಜಾಗದಲ್ಲಿ ಈಗ ‘ಹಾಕು’ ಒಂದೇ ನಿಂತಿದೆ. ಇದು ಮರಾಠಿಯ ಒತ್ತಡದ ಫಲವಲ್ಲ. ಮರಾಠಿಯ ದಳಣೆ, ಕಾಂಡಣೆ, ವಾಟಣೆಗಳೂ ಇದೇ ಇಕ್ಕಟ್ಟಿನಲ್ಲಿವೆ.

ಬೀಸುವ ಕಲ್ಲಿನೊಡನೆ ಹೋದದ್ದು ಒಂದು ಕ್ರಿಯಾಪದ ಮಾತ್ರವಲ್ಲ. ನಸುಕಿನಲ್ಲಿ ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು ಕಲ್ಲಿನ ಗೂಟ ಹಿಡಿದು ತಿರುಗಿಸುವಾಗ ಹುಟ್ಟಿದ ತ್ರಿಪದಿಗಳ ಲೋಕ ಅದರೊಡನೆ ಇತ್ತು. ಗಡಿಗೆ ಸಮೀಪದ ಹಲಸಂಗಿಯ ಗೆಳೆಯರ ಬಳಗ ‘ಗರತಿಯ ಹಾಡು’ ಸಂಕಲನದಲ್ಲಿ ಆ ಲೋಕದ ಒಂದು ಭಾಗವನ್ನು ಉಳಿಸಿತು. ಮರಾಠಿಯಲ್ಲಿ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವಾಂ ಆರಂಭಿಸಿದ ಸಂಗ್ರಹದಲ್ಲಿ 1 ಲಕ್ಷಕ್ಕೂ ಹೆಚ್ಚು ಬೀಸುವ ಹಾಡುಗಳಿವೆ. ಎರಡೂ ಭಾಷೆಗಳ ನಡುವೆ ಬದುಕುವ ಸೊಲ್ಲಾಪುರ ಸೀಮೆಯ ಮನೆಗಳ ಮಟ್ಟಿಗೆ ಈ ಎರಡು ಸಂಗ್ರಹಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದೇ ಉಚಿತ ಕ್ರಮ.

ಉಳಿಸುವ ಹೊರೆ ಯಾರದು?

ಇಲ್ಲಿ ಒಂದು ಎಚ್ಚರ ಅಗತ್ಯ. ಪದ ಹೋಯಿತೆಂದು ಕೊರಗುವವರು ಕಲ್ಲಿನ ಭಾರವನ್ನು ಮರೆಯಬಾರದು. ಬೀಸುವುದು ನಿದ್ದೆಯನ್ನು ಕಸಿದುಕೊಳ್ಳುವ, ತೋಳು ಸೋಲಿಸುವ ದುಡಿಮೆ. ಗಿರಣಿ ಬಂದಾಗ ಹೆಂಗಸರಿಗೆ ದೊರೆತ ಬಿಡುವು ಸಣ್ಣ ಲಾಭವಲ್ಲ. ‘ಮನೆಯಲ್ಲಿ ಕನ್ನಡ ಉಳಿದಿದೆ’ ಎಂಬ ಹೆಮ್ಮೆಯ ಹಿಂದೆ ಆ ಮನೆಯೊಳಗೇ ಉಳಿದ ಹೆಂಗಸರ ಸಂಬಳವಿಲ್ಲದ ದುಡಿಮೆ ಇತ್ತು. ಭಾಷೆಯನ್ನು ಉಳಿಸಲು ಆ ಹೊರೆಯನ್ನು ಅವರ ತಲೆಯ ಮೇಲೆ ಮತ್ತೆ ಹೊರಿಸುವುದು ನ್ಯಾಯವಲ್ಲ.

ಉಳಿಯಬೇಕಾದುದು ಹಳೆಯ ಕೆಲಸವಲ್ಲ. ಕೆಲಸ ಮಾಡುತ್ತ ಮಾತನಾಡುವ ರೂಢಿ. ಮಗುವಿಗೆ ಕ್ರಿಯಾಪದಗಳು ಪಾಠದಿಂದ ಬರುವುದಕ್ಕಿಂತ ‘ಇದನ್ನ ಹಿಡಿ, ಅದನ್ನ ಒರಸು, ಹಾಸಿಗಿ ಸುತ್ತು, ಕಾಳು ಹಸನ ಮಾಡು’ ಎಂಬ ಮಾತುಗಳನ್ನು ಕೇಳಿ, ಕೈಯಿಂದ ಮಾಡಿ ಬರುತ್ತವೆ. ಅಡಿಗೆಮನೆಗೆ ಗಂಡುಮಕ್ಕಳ ಕೈಯೂ ಸೇರಿದಾಗ ಹೆಂಗಸರ ಹೊರೆ ಇಳಿಯುವುದರ ಜೊತೆಗೆ ಆ ಕನ್ನಡಕ್ಕೆ ಇನ್ನಷ್ಟು ಬಾಯಿಗಳೂ ಸಿಗುತ್ತವೆ. ಕೆಲಸ ಒಬ್ಬರದೇ ಆಗಿರುವ ಮನೆಯಲ್ಲಿ ಆ ಕೆಲಸದ ಮಾತಿಗೆ ಕೇಳುವ ಕಿವಿಯೇ ಇರುವುದಿಲ್ಲ.

ಗಡಿನಾಡಿನ ಸಮೀಕ್ಷೆಗಳು ‘ಮನೆಯಲ್ಲಿ ಯಾವ ಭಾಷೆ?’ ಎಂಬ ಒಂದು ಪ್ರಶ್ನೆಯ ಬದಲು ಅದನ್ನು ಬಿಡಿಸಿ ಕೇಳಬಹುದು: ರೊಟ್ಟಿ ಬಡಿಯುವಾಗ ಯಾರೊಡನೆ ಯಾವ ಮಾತು? ಮಗುವಿಗೆ ಸ್ನಾನ ಮಾಡಿಸುವಾಗ? ತಿಂಗಳ ಖರ್ಚಿನ ಲೆಕ್ಕ ಬರೆಯುವಾಗ? ಉತ್ತರಗಳು ಒಂದೇ ಆಗಿರಲಾರವು. ಕನ್ನಡ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸಡಿಲವಾಗುತ್ತಿದೆ ಎಂಬುದು ಆ ವ್ಯತ್ಯಾಸಗಳಲ್ಲಿಯೇ ತಿಳಿದೀತು.